ಸರ್ಕಾರಿ ಕಚೇರಿಯಲ್ಲಿ ಇವಿ ಚಾರ್ಜಿಂಗ್: ಚಾರ್ಜರ್ ಖರೀದಿ ಕೊನೆಗಿರಲಿ

ಸರ್ಕಾರಿ ಕಚೇರಿಯ ಆವರಣದಲ್ಲಿ ಇವಿ ಚಾರ್ಜಿಂಗ್ ಬೇಕು ಅಂದ ಕೂಡಲೇ ಎಲ್ಲರೂ ಮೊದಲು ಮಾಡುವ ಕೆಲಸ ಚಾರ್ಜರ್‌ಗಳ ಕೊಟೇಶನ್ ತರಿಸುವುದು. ಹಾಗೆ ಶುರುವಾದ ಕಡತ ಬಹುಮಟ್ಟಿಗೆ ಲೆಕ್ಕಪತ್ರ ಶಾಖೆಯಲ್ಲಿ ನಿಂತುಬಿಡುತ್ತದೆ. ಅಲ್ಲಿ ಕೇಳುವ ಪ್ರಶ್ನೆ ಒಂದೇ: ನೌಕರರ ಸ್ವಂತ ವಾಹನಕ್ಕೆ ಹೋಗುವ ವಿದ್ಯುತ್ತಿನ ಹಣ ಯಾರು ಕೊಡುತ್ತಾರೆ? ಕೊಟೇಶನ್‌ನಲ್ಲಿ ಇದಕ್ಕೆ ಉತ್ತರವಿರುವುದಿಲ್ಲ. ಸಾರ್ವಜನಿಕ ಹಣದಲ್ಲಿ ಖಾಸಗಿ ಬ್ಯಾಟರಿ ತುಂಬಿಸಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಖಂಡಿತ ಬರುತ್ತದೆ, ಬರುವುದು ಸರಿಯೂ ಹೌದು. ಅಮೆರಿಕದ ಫೆಡರಲ್ ಕಚೇರಿಗಳ ವಿಷಯದಲ್ಲಿ ಇದು 2015ರ ಫಾಸ್ಟ್ (FAST) ಎಂಬ ಸಾರಿಗೆ ಕಾಯ್ದೆಯಲ್ಲಿ ಇತ್ಯರ್ಥವಾಯಿತು. ನೌಕರರ ಸ್ವಂತ ವಾಹನಗಳಿಗೆ ಚಾರ್ಜಿಂಗ್ ಒದಗಿಸಬಹುದು, ಆದರೆ ತಗಲುವ ಖರ್ಚನ್ನು ಬಳಸುವವರಿಂದಲೇ ಶುಲ್ಕವಾಗಿ ವಸೂಲಿ ಮಾಡಬೇಕು ಎಂದು ಅದು ಹೇಳಿತು.

ಹಾಗಾಗಿ ಮೊದಲು ಹೊರಡಿಸಬೇಕಾದ್ದು ಒಂದು ಪುಟದ ಲಿಖಿತ ಆದೇಶ. ಇಲಾಖೆಯ ವಾಹನ, ನೌಕರರ ವಾಹನ, ಕೆಲಸಕ್ಕೆ ಬರುವ ಸಾರ್ವಜನಿಕರ ವಾಹನ, ಇವುಗಳಲ್ಲಿ ಯಾವುದಕ್ಕೆ ಅವಕಾಶ, ಯಾವುದಕ್ಕೆ ಶುಲ್ಕ ಎಂಬುದು ಅದರಲ್ಲಿರಲಿ. ಶುಲ್ಕ ಯೂನಿಟ್ ಲೆಕ್ಕದಲ್ಲಿರುವುದೇ ಮೇಲು. ತಿಂಗಳಿಗೆ ಇಷ್ಟೆಂದು ನಿಗದಿ ಮಾಡಿದರೆ ವಸೂಲಿ ಸುಲಭ, ಆದರೆ ಕಡಿಮೆ ಓಡಿಸುವವರು ಹೆಚ್ಚು ಓಡಿಸುವವರ ಪಾಲನ್ನೂ ಕಟ್ಟಿದಂತಾಗುತ್ತದೆ. ಇನ್ನೊಂದು ಪ್ರಶ್ನೆಯನ್ನು ಬಹಳ ಕಡೆ ಯಾರೂ ಮುಂಚಿತವಾಗಿ ಕೇಳುವುದಿಲ್ಲ: ವಸೂಲಾದ ಹಣ ಕಚೇರಿಯ ವಿದ್ಯುತ್ ಬಿಲ್ಲಿನ ಲೆಕ್ಕಶೀರ್ಷಿಕೆಗೆ ವಾಪಸ್ ಬರುತ್ತದೆಯೋ, ನೇರ ಖಜಾನೆಗೆ ಹೋಗುತ್ತದೆಯೋ? ಖಜಾನೆಗೆ ಹೋಗುವುದಾದರೆ ಬಿಲ್ಲು ಏರುತ್ತದೆ, ಅನುದಾನ ಮಾತ್ರ ಅಷ್ಟೇ ಇರುತ್ತದೆ. ವರ್ಷದ ಕೊನೆಗೆ ಚಾರ್ಜರ್ ಆಫ್ ಮಾಡಿಸುವ ಸುತ್ತೋಲೆ ಬರುವುದು ಇಂಥ ಕಡೆಯೇ. ಕಟ್ಟಡ ಬೇರೆ ಇಲಾಖೆಯದಾಗಿದ್ದರೆ ಅಥವಾ ಬಾಡಿಗೆಯದಾಗಿದ್ದರೆ, ನೆಲ ಅಗೆಯುವುದಕ್ಕೂ ವಿದ್ಯುತ್ ಪ್ಯಾನೆಲ್ ಮುಟ್ಟುವುದಕ್ಕೂ ಮಾಲೀಕರ ಲಿಖಿತ ಒಪ್ಪಿಗೆ ಈ ಹಂತದಲ್ಲೇ ಕಡತಕ್ಕೆ ಸೇರಬೇಕು.

ಮುಂದಿನದು, ನಿಜಕ್ಕೂ ಎಷ್ಟು ವಿದ್ಯುತ್ ಬೇಕು ಎಂಬ ಲೆಕ್ಕ. ದಿನಕ್ಕೆ 40 ಕಿಲೋಮೀಟರ್ ಓಡುವ ಕಾರು, ಕಿಲೋಮೀಟರಿಗೆ 0.15 ಯೂನಿಟ್ ಅಂದರೂ, 6 ಯೂನಿಟ್ ತಿನ್ನುತ್ತದೆ. 230 ವೋಲ್ಟ್, 16 ಆಂಪಿಯರಿನ ಪಾಯಿಂಟ್ 3.7 ಕಿಲೋವ್ಯಾಟ್ ಕೊಡುತ್ತದೆ. ಎರಡು ಗಂಟೆಯೊಳಗೆ ಕೆಲಸ ಮುಗಿಯಿತು. ಕಾರು ನಿಂತಿರುವುದು ಎಂಟು ಗಂಟೆ. ನೌಕರರ ಪಾರ್ಕಿಂಗ್‌ನಲ್ಲಿ ಡಿಸಿ ಫಾಸ್ಟ್ ಚಾರ್ಜರ್ (ಬ್ಯಾಟರಿಗೆ ನೇರವಾಗಿ ಏಕಮುಖ ವಿದ್ಯುತ್ ಕೊಡುವ ವೇಗದ ಚಾರ್ಜರ್) ಹಾಕುವುದು ದುಡ್ಡಿನ ಪೋಲು ಎಂದೇ ನನ್ನ ಖಚಿತ ಅಭಿಪ್ರಾಯ. ಅದರ ಜಾಗ ದಿನವಿಡೀ ಓಡುವ ಇಲಾಖಾ ವಾಹನಗಳ ಡಿಪೋ. 22 ಕಿಲೋವ್ಯಾಟಿನ ಎಸಿ, ಅಂದರೆ ಮಾಮೂಲಿ ಲೈನಿನ ವಿದ್ಯುತ್ತನ್ನೇ ಕೊಡುವ, ಚಾರ್ಜರಿನ ಕಥೆಯೂ ಅಷ್ಟೆ. ಎಸಿ ಚಾರ್ಜಿಂಗ್‌ನಲ್ಲಿ ವೇಗ ನಿರ್ಧಾರವಾಗುವುದು ಕಾರಿನೊಳಗಿರುವ ಆನ್‌ಬೋರ್ಡ್ ಚಾರ್ಜರಿನಿಂದ, ಅದು 3.3 ಅಥವಾ 7.2 ಕಿಲೋವ್ಯಾಟಿನದಾದರೆ ಗೋಡೆಯ ಮೇಲಿನ ಅಂಕಿ ಎಷ್ಟಿದ್ದರೂ ಪ್ರಯೋಜನವಿಲ್ಲ.

ಲೋಡಿನ ಲೆಕ್ಕ ಹೀಗಿರುತ್ತದೆ. 7.4 ಕಿಲೋವ್ಯಾಟಿನ 12 ಪಾಯಿಂಟ್ ಬೇಕೆಂದು ಕೂಡಿಸಿದರೆ ಸುಮಾರು 89 ಕಿಲೋವ್ಯಾಟ್ ಆಗುತ್ತದೆ. ಅಷ್ಟು ಹೆಚ್ಚುವರಿ ಲೋಡ್ ಎಂದರೆ ಹೊಸ ಟ್ರಾನ್ಸ್‌ಫಾರ್ಮರ್ ಮಾತು ಬಂದು ಯೋಜನೆ ಅಲ್ಲೇ ಮಲಗುತ್ತದೆ. ಆದರೆ ವರ್ಷವೊಂದರ ಬಿಲ್ಲುಗಳಲ್ಲಿ ದಾಖಲಾದ ಗರಿಷ್ಠ ಬೇಡಿಕೆಯನ್ನು ಮಂಜೂರಾದ ಲೋಡಿನಿಂದ ಕಳೆದು ನೋಡಿ. 25 ಕಿಲೋವ್ಯಾಟ್ ಉಳಿದರೂ ಸಾಕು, ಲೋಡ್ ಮ್ಯಾನೇಜ್‌ಮೆಂಟ್ ಇರುವ ಚಾರ್ಜರ್‌ಗಳು ಅದನ್ನೇ ಹಂಚಿಕೊಳ್ಳುತ್ತವೆ. 12 ಕಾರು ಒಟ್ಟಿಗೆ ನಿಂತರೂ ತಲಾ 9 ಆಂಪಿಯರ್, ಅಂದರೆ 2 ಕಿಲೋವ್ಯಾಟ್ ಸಿಗುತ್ತದೆ. ಎಂಟು ಗಂಟೆಗೆ 16 ಯೂನಿಟ್, ನೂರು ಕಿಲೋಮೀಟರಿಗೆ ಹತ್ತಿರ. ಒಂದು ಮಿತಿ ನೆನಪಿರಲಿ: ಇವಿ ಚಾರ್ಜಿಂಗ್ ಮಾನಕದ ಪ್ರಕಾರ ಕಾರಿಗೆ 6 ಆಂಪಿಯರಿಗಿಂತ ಕಡಿಮೆ ಕೊಡಲು ಬರುವುದಿಲ್ಲ. ಉಳಿಕೆ ಅದಕ್ಕೂ ಸಾಲದಾದರೆ ಕಾರುಗಳು ಸರದಿಯಲ್ಲಿ ಕಾಯಬೇಕಾಗುತ್ತದೆ.

ಈ ವ್ಯವಸ್ಥೆ ಕೈಕೊಡುವುದು ಮೂರು ಕಡೆ. ಮುಖ್ಯ ಲೈನಿನ ವಿದ್ಯುತ್ ಅಳೆಯಲು ಹಾಕುವ ಕರೆಂಟ್ ಟ್ರಾನ್ಸ್‌ಫಾರ್ಮರ್, ಅಂದರೆ ಸಿಟಿ, ಉಲ್ಟಾ ಕೂತರೆ ಕಟ್ಟಡವೇ ವಿದ್ಯುತ್ ಹೊರಗೆ ಕೊಡುತ್ತಿದೆ ಎಂದು ವಿದ್ಯುತ್ ಹಂಚುವ ಕಂಟ್ರೋಲರ್ ತಿಳಿದು ಎಲ್ಲಾ ಕಾರುಗಳಿಗೂ ಪೂರ್ತಿ ಬಿಡುತ್ತದೆ, ಮುಖ್ಯ ಬ್ರೇಕರ್ ಟ್ರಿಪ್ ಆಗುತ್ತದೆ. ಎರಡನೆಯದು ಫೇಸ್. ತ್ರೀ ಫೇಸ್ ಚಾರ್ಜರ್‌ಗಳನ್ನೆಲ್ಲಾ ಒಂದೇ ಕ್ರಮದಲ್ಲಿ ಜೋಡಿಸಿದರೆ ಸಿಂಗಲ್ ಫೇಸ್ ಕಾರುಗಳು ಎಲ್ಲವೂ ಮೊದಲ ಫೇಸ್ ಮೇಲೆಯೇ ಬೀಳುತ್ತವೆ. ಆದ್ದರಿಂದ ಮೊದಲನೆಯದಕ್ಕೆ ಆರ್-ವೈ-ಬಿ (ಕೆಂಪು, ಹಳದಿ, ನೀಲಿ ಎಂದು ಗುರುತಿಸುವ ಮೂರು ಫೇಸ್), ಮುಂದಿನದಕ್ಕೆ ವೈ-ಬಿ-ಆರ್, ಅದರ ಮುಂದಿನದಕ್ಕೆ ಬಿ-ಆರ್-ವೈ ಎಂದು ತಿರುಗಿಸಬೇಕು, ತಿರುಗಿಸಿದ್ದನ್ನು ಸಾಫ್ಟ್‌ವೇರ್‌ಗೂ ತಿಳಿಸಬೇಕು. ಮೂರನೆಯದು, ಕಂಟ್ರೋಲರ್ ಜತೆ ಸಂಪರ್ಕ ಕಡಿದರೆ ಚಾರ್ಜರ್ ತಾನಾಗಿ 6 ಆಂಪಿಯರಿಗೆ ಇಳಿಯಬೇಕು, ಪೂರ್ತಿ ವೇಗಕ್ಕೆ ಏರಬಾರದು. ಕೇಬಲ್ ಕಿತ್ತು ಪರೀಕ್ಷಿಸಿ ನೋಡದೆ ಇದನ್ನು ನಂಬಬೇಡಿ. ಜನರೇಟರ್ ಇರುವ ಕಚೇರಿಯಲ್ಲಿ ಚಾರ್ಜರ್‌ಗಳನ್ನು ಜನರೇಟರ್ ಬ್ಯಾಕಪ್ ಇಲ್ಲದ, ಪ್ಯಾನೆಲ್ ಒಳಗೆ ವಿದ್ಯುತ್ ಹಂಚುವ ಲೋಹಪಟ್ಟಿಯಾದ ಬಸ್‌ಬಾರ್‌ನಿಂದಲೇ ಕೊಡಿ.

ಕೇಬಲ್ ವಿಷಯದಲ್ಲಿ ಆಂಪಿಯರ್ ಮಾತ್ರ ನೋಡಿ ದಪ್ಪ ಆರಿಸಿದರೆ ತಪ್ಪಾಗುತ್ತದೆ. 6 ಚದರ ಮಿಲಿಮೀಟರಿನ ತಾಮ್ರದ ಕೇಬಲ್ 32 ಆಂಪಿಯರ್ ಹೊರುತ್ತದೆ ನಿಜ. ಆದರೆ ಸಿಂಗಲ್ ಫೇಸ್‌ನಲ್ಲಿ ಪ್ರತಿ ಆಂಪಿಯರಿಗೆ, ಪ್ರತಿ ಮೀಟರಿಗೆ ಸುಮಾರು 7.3 ಮಿಲಿವೋಲ್ಟ್ ಇಳಿಯುವುದರಿಂದ, ಪ್ಯಾನೆಲ್‌ನಿಂದ ಪಾರ್ಕಿಂಗ್ 60 ಮೀಟರ್ ದೂರವಿದ್ದರೆ 14 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಅದು ಶೇ. 6. 10 ಚದರ ಮಿಲಿಮೀಟರ್ ಹಾಕಿದರೆ ಶೇ. 4ರೊಳಗೆ ಬರುತ್ತದೆ. ಗಂಟೆಗಟ್ಟಲೆ ಒಂದೇ ಸಮನೆ ಎಳೆಯುವ ಲೋಡ್ ಇದು, ಆದ್ದರಿಂದ 32 ಆಂಪಿಯರಿನ ಪಾಯಿಂಟಿಗೆ 40 ಆಂಪಿಯರ್ ಎಂಸಿಬಿ, ಅದನ್ನು ತಾಳುವ ಕೇಬಲ್. ಅಗೆಯುವಾಗ ಮುಂದಿನ ಹತ್ತು ಜಾಗಗಳವರೆಗೂ ಖಾಲಿ ಪೈಪ್ ಹೂತುಬಿಡಿ, ಒಳಗೆ ಎಳೆದಾರವನ್ನೂ ಬಿಡಿ. ಮತ್ತೆ ನೆಲ ಅಗೆದು ಮುಚ್ಚುವುದಕ್ಕಿಂತ ಪೈಪ್ ಬಹಳ ಅಗ್ಗ.

ಸೋರಿಕೆ ರಕ್ಷಣೆಯಲ್ಲಿ ರಾಜಿ ಬೇಡವೇ ಬೇಡ. ಪ್ರತಿ ಪಾಯಿಂಟಿಗೂ ಪ್ರತ್ಯೇಕ 30 ಮಿಲಿಆಂಪಿಯರ್ ಆರ್‌ಸಿಡಿ (ಸೋರಿಕೆ ಕಂಡ ಕೂಡಲೇ ವಿದ್ಯುತ್ ಕಡಿಯುವ ಸಾಧನ) ಇರಬೇಕು: ಡಿಸಿ ಸೋರಿಕೆಯನ್ನೂ ಹಿಡಿಯುವ ಟೈಪ್ ಬಿ, ಇಲ್ಲವೇ ಚಾರ್ಜರಿನೊಳಗೆ 6 ಮಿಲಿಆಂಪಿಯರ್ ಡಿಸಿ ಪತ್ತೆ ಇದ್ದರೆ ಟೈಪ್ ಎ. ಹಳೆಯ ಕಟ್ಟಡಗಳಲ್ಲಿರುವ, ಎಸಿ ಸೋರಿಕೆಯನ್ನಷ್ಟೇ ಹಿಡಿಯುವ ಟೈಪ್ ಎಸಿ ಇಲ್ಲಿ ನಡೆಯುವುದಿಲ್ಲ. ಕಾರಿನಿಂದ ಡಿಸಿ ಸೋರಿದರೆ ಅದರೊಳಗಿನ ಕಾಂತೀಯ ಕೋರ್ ಸ್ಯಾಚುರೇಟ್ ಆಗಿ, ಅಂದರೆ ತುಂಬಿಹೋಗಿ, ನಿಜವಾದ ಅಪಾಯ ಬಂದಾಗ ಟ್ರಿಪ್ ಆಗದೇ ಉಳಿಯಬಹುದು. ಹಲವು ಪಾಯಿಂಟಿಗೆ ಒಂದೇ ಆರ್‌ಸಿಡಿ ಹಾಕಿ ಉಳಿಸಿದ ಕಡೆ ಸಣ್ಣ ಸಣ್ಣ ಸೋರಿಕೆ ಕೂಡಿಕೊಂಡು ಎಲ್ಲಾ ಕಾರುಗಳೂ ಒಟ್ಟಿಗೆ ನಿಲ್ಲುತ್ತವೆ.

ಈಗ ಟೆಂಡರ್. ಓಸಿಪಿಪಿ (ಚಾರ್ಜರ್ ಮತ್ತು ಅದನ್ನು ನಿಯಂತ್ರಿಸುವ ಸರ್ವರ್ ಮಾತಾಡಿಕೊಳ್ಳುವ ಮುಕ್ತ ನಿಯಮಾವಳಿ) 1.6 ಅಥವಾ 2.0.1 ಇರಬೇಕು ಎಂದಷ್ಟೇ ಬರೆದರೆ ಸಾಲದು. ಸರ್ವರ್ ವಿಳಾಸ ಬದಲಿಸುವ ಹಕ್ಕು, ಪಾಸ್‌ವರ್ಡ್ ಸಮೇತ, ಕಚೇರಿಗೆ ಸಿಗಬೇಕು ಎಂದು ಬರೆಯಿರಿ. ಇಲ್ಲದಿದ್ದರೆ ಕಂಪನಿ ಮುಚ್ಚಿದ ದಿನ ಪೆಟ್ಟಿಗೆಗಳು ನಿರುಪಯೋಗಿ. ಕಚೇರಿಯ ನೆಟ್‌ವರ್ಕಿಗೆ ಜೋಡಿಸಲು ಐಟಿ ಭದ್ರತೆಯವರು ಒಪ್ಪುವುದು ಕಷ್ಟ, ಆದ್ದರಿಂದ ಪ್ರತ್ಯೇಕ ಸಿಮ್ ಇರುವ ರೌಟರ್ ಕೇಳಿ. ನೆಲಮಾಳಿಗೆಯಲ್ಲಿ ಸಿಗ್ನಲ್ ಎಷ್ಟಿದೆ ಎಂದು ಮೊದಲೇ ಅಳೆಸಿ. ಸಂಪರ್ಕ ಹೋದರೂ, ಚಾರ್ಜಿಂಗ್ ಶುರು ಮಾಡಲು ತೋರಿಸುವ ಕಾರ್ಡ್ ಕೆಲಸ ಮಾಡುವಂತೆ ಬಳಕೆದಾರರ ಪಟ್ಟಿ ಚಾರ್ಜರಿನಲ್ಲೇ ಇರಬೇಕು. ಕೇಬಲ್ ತೂಗುಬಿಟ್ಟ ಚಾರ್ಜರಿಗಿಂತ ಟೈಪ್ 2 (ಕಾರಿನ ಎಸಿ ಚಾರ್ಜಿಂಗ್ ಪ್ಲಗ್ಗಿನ ಒಂದು ಮಾದರಿ) ಸಾಕೆಟ್ ಇರುವುದು ಕಚೇರಿಗೆ ವಾಸಿ. ಕೇಬಲ್ ಬಳಸುವವರದೇ ಆದ್ದರಿಂದ ಕಳವು, ಚಕ್ರ ಹತ್ತಿ ಒಡೆಯುವುದು, ಎರಡೂ ತಪ್ಪುತ್ತವೆ.

ಕೆಲಸ ಒಪ್ಪಿಸಿಕೊಳ್ಳುವ ದಿನ ಪೂರ್ತಿ ಲೋಡಿನಲ್ಲಿ ಒಂದು ಗಂಟೆ ಓಡಿಸಿ, ಪ್ಯಾನೆಲ್ ಟರ್ಮಿನಲ್‌ಗಳನ್ನು ಥರ್ಮಲ್ ಕ್ಯಾಮೆರಾದಲ್ಲಿ ನೋಡಿ. ಒಂದು ಟರ್ಮಿನಲ್ ಮಾತ್ರ ಪಕ್ಕದವುಗಳಿಗಿಂತ ಎದ್ದು ಕಾಣುವಷ್ಟು ಬಿಸಿಯಿದ್ದರೆ ಸ್ಕ್ರೂ ಸಡಿಲವಿದೆ. ತಯಾರಕರು ಹೇಳಿದ ಟಾರ್ಕ್‌ಗೆ ಬಿಗಿ ಮಾಡಿಸಿ, ಕೆಲವು ವಾರ ಕಳೆದು ಮತ್ತೊಮ್ಮೆ ನೋಡಿಸಿ. ಪ್ಯಾನೆಲ್ ಸುಟ್ಟುಹೋಗುವುದಕ್ಕೆ ಸಡಿಲ ಟರ್ಮಿನಲ್‌ಗಿಂತ ಸಾಮಾನ್ಯ ಕಾರಣ ಬೇರೆ ಹುಡುಕಬೇಕಾಗಿಲ್ಲ. ನಿರ್ವಹಣಾ ಒಪ್ಪಂದದಲ್ಲಿ ಈ ಮರುಪರೀಕ್ಷೆಯನ್ನೂ ಆರ್‌ಸಿಡಿಯ ಟೆಸ್ಟ್ ಬಟನ್ ಒತ್ತಿ ನೋಡುವ ಕೆಲಸವನ್ನೂ ದಿನಾಂಕ ಸಮೇತ ಸೇರಿಸಿ, ಅದರ ಜವಾಬ್ದಾರಿ ಯಾರದೆಂದು ಹುದ್ದೆಯ ಹೆಸರಿನಲ್ಲಿ ಬರೆಯಿರಿ.