ಹಾರೋದು ಆಮೇಲೆ, ಮೊದಲು ನಿಲ್ಲೋದು ಕಲಿಯಬೇಕು

ಹುಬ್ಬಳ್ಳಿ-ಧಾರವಾಡದ ಮಕ್ಕಳಿಗೆ ಫುಟ್‌ಬಾಲ್ ಗೋಲ್‌ಕೀಪಿಂಗ್ ಹೇಳಿಕೊಡುವುದು ನನ್ನ ಕೆಲಸ. ಹೊಸದಾಗಿ ಬಂದವರು ಮೊದಲು ಕೇಳುವುದೇ ಇದು: "ಸರ್, ಡೈವ್ ಯಾವಾಗ ಕಲಸ್ತೀರಿ?" ನಾನು ಹೇಳುವುದೂ ಒಂದೇ ಮಾತು: "ಮೊದಲ ನಿಂದ್ರೂದು ಕಲಿ. ಹಾರೂದು ಆಮ್ಯಾಲ."

ಗೋಲು 24 ಅಡಿ ಅಗಲ, 8 ಅಡಿ ಎತ್ತರ. ಗೆರೆ ಮೇಲೆ ನಡುವೆ ನಿಂತರೆ ಎರಡೂ ಬದಿ 12 ಅಡಿ ಖಾಲಿ. ಇಷ್ಟನ್ನೂ ಹಾರಿಯೇ ಕಾಯುತ್ತೇನೆ ಅನ್ನೋದು ಆಗದ ಮಾತು. ಅದಕ್ಕೇ ಹಗ್ಗದಿಂದ ಶುರು ಮಾಡುತ್ತೇನೆ. ಎರಡೂ ಕಂಬಕ್ಕೆ ಒಂದೊಂದು ಹಗ್ಗ ಕಟ್ಟಿ, ಇನ್ನೊಂದು ತುದಿಗಳನ್ನು ಚೆಂಡಿನ ಹತ್ತಿರ ಸೇರಿಸುತ್ತೇನೆ. ಚೆಂಡು ಗೋಲಿಗೆ ಹೋಗುವುದು ಈ ಎರಡು ಹಗ್ಗಗಳ ನಡುವೆಯೇ, ಕೀಪರ್ ಅಲ್ಲೇ ನಿಲ್ಲಬೇಕು. ಗೆರೆ ಮೇಲಿದ್ದಾಗ ಹಗ್ಗ ಕೈಗೆ ಎಟುಕುವುದಿಲ್ಲ. ಮುಂದೆ ಬಂದಂತೆಲ್ಲ ಹಗ್ಗಗಳೇ ಹತ್ತಿರವಾಗುತ್ತವೆ. ಚೆಂಡನ್ನು ಎಡಕ್ಕೆ ಸರಿಸಿದರೆ ತಾನೆಲ್ಲಿ ನಿಲ್ಲಬೇಕು ಅಂತ ಹುಡುಗನಿಗೆ ಕಣ್ಣಿಗೇ ಕಾಣುತ್ತದೆ. ಬಾಯಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗದ ವಿಷಯ ಇದು. ಇನ್ನು ಕೆಲವರು ಹುರುಪಿಗೆ ಬಿದ್ದು ತೀರಾ ಮುಂದೆ ಬರುತ್ತಾರೆ. ಅವರ ತಲೆ ಮೇಲಿಂದ ನಿಧಾನಕ್ಕೆ ಒಂದು ಚೆಂಡು ಎತ್ತಿ ಹಾಕಿದರೆ ಸಾಕು, ಅರ್ಥವಾಗುತ್ತದೆ.

ಆಮೇಲೆ ಕಾಲು. ಎದುರಿನವನು ಒದೆಯುವ ಕ್ಷಣಕ್ಕೆ ಕೀಪರ್‌ನ ಎರಡೂ ಪಾದ ನೆಲದ ಮೇಲಿರಬೇಕು. ಮೊಣಕಾಲು ಸ್ವಲ್ಪ ಬಾಗಿರಬೇಕು, ತೂಕ ಪಾದದ ಮುಂಭಾಗದಲ್ಲಿರಬೇಕು. ಆಗಲೂ ಓಡುತ್ತಲೇ ಇದ್ದರೆ ತೂಕವೆಲ್ಲ ಒಂದು ಬದಿಗೆ ಹೋಗಿರುತ್ತದೆ, ಇನ್ನೊಂದು ಬದಿಗೆ ಹೊರಡಲು ಆಗುವುದಿಲ್ಲ. ಕೋನ್‌ಗಳ ನಡುವೆ ಅಡ್ಡಡ್ಡ ಹೆಜ್ಜೆ ಹಾಕಿಸುತ್ತೇನೆ. ನಾನು ಒದೆಯಲು ಕಾಲೆತ್ತಿದ ಕೂಡಲೇ ಇದ್ದಲ್ಲೇ ನಿಲ್ಲಬೇಕು. ಕೆಲವೊಮ್ಮೆ ಒದೆಯುತ್ತೇನೆ, ಕೆಲವೊಮ್ಮೆ ಸುಮ್ನೆ ಕಾಲು ಇಳಿಸುತ್ತೇನೆ. ಆ ಹೊತ್ತಿನಲ್ಲಿ ನಾನು ಚೆಂಡು ನೋಡುವುದಿಲ್ಲ, ಅವರ ಪಾದ ನೋಡುತ್ತೇನೆ. ಗೋಲಾದರೂ ಪಾದ ನಿಂತಿದ್ದರೆ ಶಹಬ್ಬಾಸ್ ಅನ್ನುತ್ತೇನೆ.

ನಮ್ಮ ಕಡೆ ದೊಡ್ಡ ತೊಂದರೆ ನೆಲದ್ದು. ಏಪ್ರಿಲ್, ಮೇ ಬಂತು ಅಂದರೆ ಎರೆ ಮಣ್ಣು ಬಿರುಕು ಬಿಟ್ಟು ಕಲ್ಲಾಗುತ್ತದೆ. ಮಸಾರಿ ನೆಲದಲ್ಲಿ ಹರಳು. ಅಲ್ಲಿ ಒಮ್ಮೆ ಮೊಣಕೈ ಊರಿ ಬಿದ್ದ ಮಗು ಮುಂದೆ ಹಾರಲು ಹೆದರುತ್ತದೆ. ಆ ಹೆದರಿಕೆ ಬೇಗ ಹೋಗುವುದಿಲ್ಲ. ಹಾಗಾಗಿ ಬೀಳುವುದನ್ನು ಮರಳಿನಲ್ಲಿ ಕಲಿಸುತ್ತೇನೆ, ಇಲ್ಲವೇ ಕುಸ್ತಿ ಕಲಿಸುವ ವಸ್ತಾದರನ್ನು ಕೇಳಿಕೊಂಡು ಗರಡಿ ಮನೆಯಲ್ಲಿ. ಹದ ಮಾಡಿದ ಆ ಕೆಂಪು ಮಣ್ಣಿನಷ್ಟು ಒಳ್ಳೆ ಹಾಸಿಗೆ ಬೇರೆ ಇಲ್ಲ. ಕುಸ್ತಿ ಆಡಿದ ಹುಡುಗರಿಗಂತೂ ಬೀಳುವ ಭಯವೇ ಇರುವುದಿಲ್ಲ. ನನ್ನ ಪ್ರಕಾರ ಒಳ್ಳೆ ಕೀಪರ್‌ಗಳನ್ನು ಹುಡುಕಲು ಗರಡಿ ಮನೆಗೇ ಹೋಗಬೇಕು.

ಬೀಳುವುದಕ್ಕೂ ಒಂದು ಕ್ರಮ ಇದೆ. ಮೊದಲು ಕುಳಿತಲ್ಲಿಂದ, ಆಮೇಲೆ ಮಂಡಿಯೂರಿ, ಆಮೇಲೆ ಕುಕ್ಕರುಗಾಲಿನಿಂದ, ಕೊನೆಗೆ ನಿಂತು. ಹೊಟ್ಟೆ ಮೇಲೆ ಬೀಳಬಾರದು, ಮೊಣಕೈ ಮೇಲೂ ಬೀಳಬಾರದು. ತೊಡೆಯ ಪಕ್ಕ, ಸೊಂಟ, ಭುಜ ಹೀಗೆ ಮೈಯ ಒಂದು ಮಗ್ಗುಲು ನೆಲಕ್ಕೆ ತಾಗಬೇಕು. ಒಂದು ಕೈ ಚೆಂಡಿನ ಹಿಂದೆ, ಇನ್ನೊಂದು ಚೆಂಡಿನ ಮೇಲೆ. ನಿಂತು ಹಾರುವಾಗ ಚೆಂಡಿನ ಕಡೆಯ ಕಾಲನ್ನು ಓರೆಯಾಗಿ ಮುಂದಿಡಬೇಕು. ಹಿಂದಕ್ಕೆ ಹಾರಿದರೆ ಕೈಗೆ ತಾಗಿದ ಚೆಂಡೂ ಗೋಲಿಗೇ ಹೋಗುತ್ತದೆ.

ಹಿಡಿಯುವುದರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಎದೆಗಿಂತ ಮೇಲಿನ ಚೆಂಡಿಗೆ ಹೆಬ್ಬೆರಳುಗಳು ಹತ್ತಿರ, ಕೆಳಗಿನದಕ್ಕೆ ಕಿರುಬೆರಳುಗಳು ಹತ್ತಿರ.

ನನಗೆ ಬೇಜಾರಾಗುವ ಒಂದು ಸಂಗತಿ ಇದೆ. ಎಷ್ಟೋ ತಂಡಗಳಲ್ಲಿ ಇಡೀ ತಂಡ ಸಾಲಾಗಿ ನಿಂತು ಗೋಲಿಗೆ ಒದೆಯುತ್ತದೆ, ಕೀಪರ್ ಒಬ್ಬನೇ ಬಿದ್ದು ಎದ್ದು ಸುಸ್ತಾಗುತ್ತಾನೆ. ಅದು ಫಾರ್ವರ್ಡ್‌ಗಳ ಅಭ್ಯಾಸ, ಕೀಪರ್‌ದಲ್ಲ. ಸುಸ್ತಾದ ಮೈ ತಪ್ಪನ್ನೇ ಕಲಿಯುತ್ತದೆ. ಆರೇಳು ಚೆಂಡು, ಆಮೇಲೆ ಪೂರ್ತಿ ವಿಶ್ರಾಂತಿ, ಮತ್ತೆ ಆರೇಳು. ಹಾಗೇ ಚಿಕ್ಕ ಮಕ್ಕಳನ್ನು 8 ಅಡಿ ಎತ್ತರದ ಗೋಲಲ್ಲಿ ನಿಲ್ಲಿಸಬೇಡಿ. ಕೋಲು ನೆಟ್ಟು ಚಿಕ್ಕ ಗೋಲು ಮಾಡಿ, 4ನೇ ಸೈಜಿನ ಚೆಂಡು ಕೊಡಿ.

ಪೆನಾಲ್ಟಿ ಅಂದರೆ ಎಲ್ಲರಿಗೂ ಇಷ್ಟ. 2023ರ ಜುಲೈನಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಕುವೈತ್ ವಿರುದ್ಧದ ಸ್ಯಾಫ್ (ದಕ್ಷಿಣ ಏಷ್ಯಾ ಫುಟ್‌ಬಾಲ್ ಒಕ್ಕೂಟದ ಟೂರ್ನಿ) ಫೈನಲ್ ಪೆನಾಲ್ಟಿಗೆ ಹೋಗಿ, ನಮ್ಮ ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಕೊನೆಯದನ್ನು ತಡೆದು ಭಾರತವನ್ನು ಗೆಲ್ಲಿಸಿದ್ದನ್ನು ಮಕ್ಕಳು ಇನ್ನೂ ಮಾತಾಡುತ್ತಾರೆ. ನಾನೂ ಮಾಡಿಸುತ್ತೇನೆ, ಆದರೆ ಕೊನೆಗೆ. ಎದುರಿನವನು ಒದೆಯುವಾಗ ಕೀಪರ್‌ನ ಒಂದು ಪಾದದ ಭಾಗವಾದರೂ ಗೆರೆ ಮೇಲೋ ಅದರ ಹಿಂದೆಯೋ ಇರಬೇಕು ಅನ್ನುವ ನಿಯಮ ಮೈಗೆ ಒಗ್ಗಬೇಕು ಅಲ್ವಾ?

ಪಂದ್ಯದಲ್ಲಿ ಅದಕ್ಕಿಂತ ಜಾಸ್ತಿ ಬರುವ ಕೆಲಸ ಕಾಲಿನದು. ಜೊತೆಗಾರ ಬೇಕೆಂದೇ ಒದ್ದು ಕೊಟ್ಟ ಚೆಂಡನ್ನು ಕೈಯಲ್ಲಿ ಹಿಡಿಯುವಂತಿಲ್ಲ, 1992ರಿಂದ ಇರುವ ನಿಯಮ. ಹಾಗಾಗಿ ಪಾಸಿಂಗ್ ಅಭ್ಯಾಸಕ್ಕೆ ಕೀಪರ್‌ಗಳೂ ಎಲ್ಲರ ಜೊತೆ ಸೇರಲೇಬೇಕು. 2025ರಿಂದ ಇನ್ನೊಂದು ಬಂದಿದೆ: ಹಿಡಿದ ಚೆಂಡನ್ನು 8 ಸೆಕೆಂಡಿಗಿಂತ ಜಾಸ್ತಿ ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್. ಕೊನೆಯ ಐದು ಸೆಕೆಂಡನ್ನು ರೆಫರಿ ಕೈಯೆತ್ತಿ ಎಣಿಸುತ್ತಾರೆ. ಈಗ ನನ್ನ ಪ್ರತಿ ಡ್ರಿಲ್ಲೂ ಚೆಂಡು ಹಿಡಿದಲ್ಲಿಗೆ ಮುಗಿಯುವುದಿಲ್ಲ. ಹಿಡಿ, ಏಳು, ತಲೆಯೆತ್ತಿ ನೋಡು, ಖಾಲಿ ಇರುವ ಹುಡುಗನಿಗೆ ಎಸೆ. ಅಷ್ಟೂ ಹೊತ್ತು ಉಳಿದ ಮಕ್ಕಳು ಪಕ್ಕದಲ್ಲಿ ನಿಂತು ಜೋರಾಗಿ ಎಣಿಸುತ್ತಾರೆ.