ಆಪೂಸ್ ತರೂ ಮುಂದ

ಧಾರವಾಡದ ಸೂಪರ್ ಮಾರ್ಕೆಟ್‌ಗೆ ಕೆಲಗೇರಿ, ಕಲಘಟಗಿ ಕಡೆ ಆಪೂಸ್ ಮಾವು ಬರಾಕ ಹತ್ತಿದ್ರ ಎಲ್ಲಾರೂ ಬಣ್ಣ ನೋಡೇ ಆರಸ್ತಾರ. ಬಣ್ಣ ಬಿಡ್ರಿ, ತೊಟ್ಟಿನ ಕಡೆ ನೋಡ್ರಿ. ಹೆಗಲು ತುಂಬಿ, ತೊಟ್ಟು ತಗ್ಗಿನ್ಯಾಗ ಇಳದಿದ್ರ ಬಲಿತ ಕಾಯಿ. ಹಣ್ಣಾಗಿದ್ರ ಅಲ್ಲೇ ಘಮ ಬರಬೇಕು. ಮೈತುಂಬ ಒಂದೇ ಹಳದಿ ಇದ್ದು ವಾಸನಿನ ಇಲ್ಲಂದ್ರ ಕಾಯಿ ಲಗೂನ ಹಣ್ಣು ಮಾಡೂ ರಾಸಾಯನಿಕ ಕಾರ್ಬೈಡ್ ಹಾಕ್ಯಾರಂತ ಅನುಮಾನ ಪಡ್ರಿ. ನಿಷೇಧ ಇದ್ರೂ ಬಳಸೂದು ನಿಂತಿಲ್ಲ.

ಗಟ್ಟಿ ಕಾಯಿ ಫ್ರಿಜ್‌ನ್ಯಾಗ ಇಡಬ್ಯಾಡ್ರಿ. 12–13 ಡಿಗ್ರಿಗಿಂತ ತಂಪಾದ್ರ ಸಿಪ್ಪಿ ಮಂಕಾಗ್ತದ, ಆಮ್ಯಾಲೆ ಹೊರಗ ಇಟ್ರೂ ಸರಿಯಾಗಿ ಹಣ್ಣಾಗೂದಿಲ್ಲ. ಭತ್ತದ ಹುಲ್ಲಿನ್ಯಾಗ ಒಂದೇ ಪದರ, ಒಂದಕ್ಕೊಂದು ತಾಗದಂಗ ಇಡ್ರಿ. ದಿನಾ ಒಮ್ಮೆ ನೋಡಬೇಕು, ಒಂದು ಕೊಳೆತ್ರ ಬಾಜೂದಕ್ಕೂ ಹತ್ತತದ. ಹಣ್ಣಾದ ಮ್ಯಾಲೆ ಫ್ರಿಜ್ ನಡೀತದ.

ಸೀಕರಣಿಗೆ ಮೂರು ದೊಡ್ಡ ಹಣ್ಣು ಅರ್ಧ ತಾಸು ನೀರಾಗ ಇಟ್ಟು, ರಸ ಹಿಂಡ್ರಿ. ಕಾಸಿ ಪೂರ್ತಿ ಆರಿಸಿದ ಹಾಲು ಅರ್ಧ ಲೋಟ, ರುಚಿ ನೋಡಿ ಸಕ್ಕರಿ, ಯಾಲಕ್ಕಿ, ಚಿಟಿಕಿ ಒಣಶುಂಠಿ. ಹಣ್ಣು ಹುಳಿ ಇದ್ರ ಹಾಲು ಒಡೀತದ, ಬಿಸಿ ಹಾಲಂತೂ ಬ್ಯಾಡೇ ಬ್ಯಾಡ. ಮಿಕ್ಸರ್ ಹಚ್ಚಿದ್ರ ನೊರಿ ಏಳ್ತದ. ಕೈಲೇ ಕಿವುಚಿದ್ದಕ್ಕ ಹೋಳಿಗಿ ಜೋಡಿ ರುಚಿ ಬ್ಯಾರೇನ.

ಇಷ್ಟೆಲ್ಲಾ ನೋಡಿ ತಂದ್ರೂ ಕೊಯ್ದಾಗ ಒಳಗ ಬೆಳ್ಳಗ, ಸ್ಪಂಜಿನಂಗ ಮೆತ್ತನ ಹುಳಿ ಭಾಗ ಸಿಗಬಹುದು. ಆಪೂಸ್ ತಳಿಗೇ ಇರೂ ದೋಷ ಅದು, ಹೊರಗಿಂದ ಯಾರ ಕಣ್ಣಿಗೂ ಬೀಳೂದಿಲ್ಲ. ಅಷ್ಟಕ್ಕ ಬುಟ್ಟಿ ಇಟಗೊಂಡು ಕುಂತ ಅಕ್ಕನ ಜೋಡಿ ಜಗಳಾ ತಗೀಬ್ಯಾಡ್ರಿ, ಆಕಿಗೂ ಗೊತ್ತಿರೂದಿಲ್ಲ. ಆ ಭಾಗ ಕೆತ್ತಿ ಒಗದು, ಉಳಿದದ್ದು ರಸಕ್ಕ ಹಾಕ್ರಿ.