ಈ 16 ಗ್ರಾಂ ಎಲ್ಲಿಂದ ಬಂತು?

ಕಾರವಾರದ ಒಂದು ಪಿಯು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಪ್ರಥಮ ಪಿಯು ಮೊದಲ ಪಾಠದಲ್ಲೇ ಮೋಲ್ ಲೆಕ್ಕ, ಅಂದರೆ ಅಣುಗಳನ್ನು ಡಜನ್ ಲೆಕ್ಕದ ಹಾಗೆ ದೊಡ್ಡ ಗುಂಪುಗಳಲ್ಲಿ ಎಣಿಸುವ ಲೆಕ್ಕ ಬರುತ್ತದೆ. ಹೊರಗೆ ಜಡಿಮಳೆ, ಒಳಗೆ ಹತ್ತನೇ ತರಗತಿ ಮುಗಿಸಿ ಬಂದ ಹೊಸ ಮಕ್ಕಳು. ಅವರಿಗೆ ಲಿಮಿಟಿಂಗ್ ರಿಯಾಕ್ಟಂಟ್ ಅನ್ನುವ ಹೆಸರೇ ಭಾರ. ಅರ್ಥ ಮಾತ್ರ ಹಗುರ: ಯಾವುದು ಮೊದಲು ಮುಗಿಯುತ್ತದೋ ಅದು.

ಹಲವು ವರ್ಷ ನಾನು ಬೋರ್ಡಿನ ಮೇಲೆ ಒಂದೇ ಲೆಕ್ಕದಿಂದ ಶುರು ಮಾಡುತ್ತಿದ್ದೆ. 16 ಗ್ರಾಂ ಮೀಥೇನ್, 160 ಗ್ರಾಂ ಆಕ್ಸಿಜನ್. ಅಂದರೆ 1 ಮೋಲ್ ಮತ್ತು 5 ಮೋಲ್. ಒಂದು ಮೋಲ್ ಮೀಥೇನ್ ಉರಿಯಲು ಎರಡು ಮೋಲ್ ಆಕ್ಸಿಜನ್ ಸಾಕು. ಹಾಗಾಗಿ ಮೀಥೇನ್ ಮೊದಲು ಮುಗಿಯುತ್ತದೆ. ಎಲ್ಲರ ಉತ್ತರವೂ ಸರಿ ಬರುತ್ತಿತ್ತು. ಅರ್ಥವಾಗಿದೆ ಅಂದುಕೊಂಡು ನಾನು ಮುಂದೆ ಹೋಗುತ್ತಿದ್ದೆ.

ಒಂದು ವರ್ಷ ಕಿರುಪರೀಕ್ಷೆಯಲ್ಲಿ ಪ್ರೊಪೇನ್ ಕೊಟ್ಟೆ. 22 ಗ್ರಾಂ ಪ್ರೊಪೇನ್, 64 ಗ್ರಾಂ ಆಕ್ಸಿಜನ್. ಪೂರ್ತಿ ಉರಿದರೆ ಕಾರ್ಬನ್ ಡೈಆಕ್ಸೈಡ್ ಎಷ್ಟು? ಮುಕ್ಕಾಲು ತರಗತಿ 66 ಗ್ರಾಂ ಅಂತ ಬರೆದಿತ್ತು. ಸರಿ ಉತ್ತರ 52.8.

ಸದಾಶಿವಗಡದಿಂದ ಬರುವ ಹುಡುಗಿಯೊಬ್ಬಳನ್ನು ಕರೆದು ಕೇಳಿದೆ. "ಪ್ರೊಪೇನ್ ಅರ್ಧ ಮೋಲ್, ಆಕ್ಸಿಜನ್ ಎರಡು ಮೋಲ್. ಕಡಿಮೆ ಇರೋದು ಪ್ರೊಪೇನ್ ಅಲ್ವಾ ಸರ್?" ಅಂದಳು. ಆಗ ನನಗೆ ಹೊಳೆಯಿತು. ನನ್ನ ಹಳೆಯ ಲೆಕ್ಕದಲ್ಲಿ ಗ್ರಾಂ ನೋಡಿದರೂ ಮೀಥೇನೇ ಕಡಿಮೆ, ಮೋಲ್ ನೋಡಿದರೂ ಮೀಥೇನೇ ಕಡಿಮೆ. ತಪ್ಪು ದಾರಿ ಹಿಡಿದವರೂ ಸರಿ ಊರಿಗೇ ಹೋಗಿ ಇಳಿಯುತ್ತಿದ್ದರು. ಎಷ್ಟು ವರ್ಷದ ಮಕ್ಕಳು ಹೀಗೆ ದಾಟಿ ಹೋದರೋ ಅಂತ ತುಂಬ ಬೇಜಾರಾಯಿತು.

ಮರುದಿನ ಪುಸ್ತಕ ಮುಚ್ಚಿಟ್ಟು ಕೊಟ್ಟೆ ಕಡುಬಿನ ಮಾತು ತೆಗೆದೆ. ಇಲ್ಲಿ ಕೊಂಕಣಿ ಮಾತಾಡುವ ಮನೆಗಳೂ ಬಹಳ, ಅವರಿಗೆ ಅದು ಖೊಟ್ಟೆ. ಒಂದು ಕೊಟ್ಟೆ ಕಟ್ಟಲು ನಾಲ್ಕು ಹಲಸಿನ ಎಲೆ, ಅದರೊಳಗೆ ಒಂದು ಸೌಟು ಹಿಟ್ಟು. ಮನೆಯಲ್ಲಿ 40 ಎಲೆ ಇವೆ, 15 ಸೌಟು ಹಿಟ್ಟಿದೆ. ಎಷ್ಟು ಕಡುಬು? ಹತ್ತು ಅಂತ ಒಟ್ಟಿಗೆ ಕೂಗಿದರು. ಎಲೆ ಜಾಸ್ತಿ ಇತ್ತು, ಆದರೂ ಎಲೆಯೇ ಮೊದಲು ಮುಗಿಯಿತು. ಐದು ಸೌಟು ಹಿಟ್ಟು ಉಳಿಯಿತು.

ಅಲ್ಲಿಂದ ಪ್ರೊಪೇನ್‌ಗೆ ಬಂದೆವು. ಒಂದು ಮೋಲ್ ಪ್ರೊಪೇನ್ ಐದು ಮೋಲ್ ಆಕ್ಸಿಜನ್ ಕೇಳುತ್ತದೆ. ಅರ್ಧ ಮೋಲ್‌ಗೆ ಎರಡೂವರೆ ಬೇಕು. ನಮ್ಮ ಬಳಿ ಇರುವುದು ಎರಡೇ. ಹಾಗಾದರೆ ಉರಿಯುವುದು 0.4 ಮೋಲ್ ಪ್ರೊಪೇನ್ ಮಾತ್ರ. ಅದರಿಂದ 1.2 ಮೋಲ್ ಕಾರ್ಬನ್ ಡೈಆಕ್ಸೈಡ್. 4.4 ಗ್ರಾಂ ಪ್ರೊಪೇನ್ ಹಾಗೇ ಉಳಿಯುತ್ತದೆ.

ಆಮೇಲೆ ಅವರ 66 ಗ್ರಾಂ ಅನ್ನೇ ಬೋರ್ಡಿನ ಮೇಲೆ ಬರೆದೆ. ಅದು ನಿಜವಾದರೆ ಜೊತೆಗೆ 36 ಗ್ರಾಂ ನೀರೂ ಬರಬೇಕು. ಒಟ್ಟು 102. ನಾವು ಹಾಕಿದ್ದು 22 ಮತ್ತು 64, ಅಂದರೆ 86 ಗ್ರಾಂ. "ಈ 16 ಗ್ರಾಂ ಎಲ್ಲಿಂದ ಬಂತು?" ಅಂತ ಕೇಳಿದೆ. ಸ್ವಲ್ಪ ಹೊತ್ತು ಮಳೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಕಿಟಕಿ ಪಕ್ಕ ಕೂತ ಹುಡುಗ ಮೆಲ್ಲಗೆ ಹೇಳಿದ: "ಅರ್ಧ ಮೋಲ್ ಆಕ್ಸಿಜನ್, ಸರ್. ನಮ್ಮ ಹತ್ರ ಇಲ್ಲದೇ ಇದ್ದದ್ದು." ಎಷ್ಟು ಚಂದದ ಉತ್ತರ! ಇಲ್ಲದ ಆಕ್ಸಿಜನ್ ಸುಟ್ಟದ್ದಕ್ಕೆ ತೂಕ ಅಷ್ಟೇ ಹೆಚ್ಚಾಗಿತ್ತು. ಸರಿ ಲೆಕ್ಕದಲ್ಲಿ 52.8, ನೀರು 28.8, ಉಳಿದ ಪ್ರೊಪೇನ್ 4.4. ಕೂಡಿಸಿದರೆ 86.

ಮೋಲ್ ಸಂಖ್ಯೆಯನ್ನು ಸಮೀಕರಣದ ಗುಣಾಂಕದಿಂದ, ಅಂದರೆ ಆ ವಸ್ತುವಿನ ಮುಂದೆ ಬರೆದ ಅಂಕಿಯಿಂದ ಭಾಗಿಸಿ, ಚಿಕ್ಕದು ಯಾವುದೋ ಅದೇ ಮೊದಲು ಮುಗಿಯುವುದು ಅನ್ನುವ ಸುಲಭ ದಾರಿ ಇದೆ. ಈಗಲೂ ಹೇಳಿಕೊಡುತ್ತೇನೆ, ಆದರೆ ಕೊನೆಯಲ್ಲಿ.

ಆ ಹುಡುಗಿ ಇನ್ನೊಂದು ಪ್ರಶ್ನೆ ಕೇಳಿದಳು. ನಿಜವಾಗಿ ಗಾಳಿ ಸಾಲದಿದ್ದಾಗ ಗ್ಯಾಸ್ ಸುಮ್ನೆ ಉಳಿದುಬಿಡುತ್ತದಾ? ಇಲ್ಲ. ಲೆಕ್ಕದಲ್ಲಿ ಪೂರ್ತಿ ದಹನ ಅಂತ ನಾವು ಒಪ್ಪಿಕೊಂಡಿರುತ್ತೇವೆ. ನಿಜದಲ್ಲಿ ಜ್ವಾಲೆ ಹಳದಿಯಾಗುತ್ತದೆ, ಪಾತ್ರೆಗೆ ಮಸಿ ಹಿಡಿಯುತ್ತದೆ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಳೆಗಾಲ ಅಂತ ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸಿದರೆ ಜೀವಕ್ಕೇ ಅಪಾಯ. ಅವತ್ತು ಉಳಿದ ಪೀರಿಯಡ್ ಪೂರ್ತಿ ಇದೇ ಮಾತಾಯಿತು. ಪಾಠ ಒಂದು ದಿನ ಹಿಂದೆ ಬಿತ್ತು, ಬೀಳಲಿ.

ಈಗ ನನ್ನ ಮೊದಲ ಲೆಕ್ಕ ಹೀಗಿದೆ: 29 ಗ್ರಾಂ ಬ್ಯೂಟೇನ್, 96 ಗ್ರಾಂ ಆಕ್ಸಿಜನ್. ಎರಡು ಮೋಲ್ ಬ್ಯೂಟೇನ್‌ಗೆ 13 ಮೋಲ್ ಆಕ್ಸಿಜನ್ ಬೇಕು. ತಪ್ಪು ದಾರಿಯಲ್ಲಿ ಹೋದವರಿಗೆ ಕೊನೆಯಲ್ಲಿ 8 ಗ್ರಾಂ ಜಾಸ್ತಿ ಬರುತ್ತದೆ.